ಯಮಕನಮರಡಿಯ ಹಂಡೆ ನೀರು: ಲಕ್ಕಿ ತಪ್ಪಲಿಗೆ ಶರಣಾದ ‘ಹೀರೋ’!

ಸ್ನಾನದ ದೃಶ್ಯ ಎಂದಕೂಡಲೇ ನಿಮ್ಮ ಕಣ್ಣು ಅರಳಿತೇ? ತಾಳಿ ಸ್ವಾಮಿ, ತಾಳಿ! ಇಲ್ಲಿ ಜಲಪಾತದ ಕೆಳಗೆ ನೆನೆಯುವ ನಾಯಕಿ ಇಲ್ಲ. ಹಿನ್ನೆಲೆಯಲ್ಲಿ ಪಿಟೀಲೂ ಇಲ್ಲ. ಇರುವವನು ಸೊಂಟ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು, ಒಂದು ಹಳ್ಳಿಯ ಬಚ್ಚಲಿನಲ್ಲಿ ಕಲ್ಲಿನ ಮೇಲೆ ಕುಕ್ಕರಿಸಿದ ಇಪ್ಪತ್ತಮೂರರ ಹುಡುಗ. ಆ ಹುಡುಗ ಬೇರೆ ಯಾರೂ ಅಲ್ಲ, ನಾನೇ!

ಮಾತು 1983ರ ದೀಪಾವಳಿಯದು. ನಾನು ಆಗ ಹುಬ್ಬಳ್ಳಿಯ ಒಬ್ಬ ಹಂಚಿಕೆದಾರರ ಬಳಿ ‘ರೆಪ್ರೆಸೆಂಟೇಟಿವ್’. ಹೆಸರು ದೊಡ್ಡದು, ಕೆಲಸ ಹಮಾಲಿಯದು. ಚಿತ್ರದ ಡಬ್ಬಿಗಳನ್ನು ಬಸ್ಸಿನ ಮೇಲೆ ಹೇರಬೇಕು, ಊರು ಬಂದಾಗ ಇಳಿಸಬೇಕು, ಟೆಂಟಿನವರಿಗೆ ಒಪ್ಪಿಸಬೇಕು, ರಾತ್ರಿ ಟಿಕೆಟ್ಟಿನ ಬುಡ ಎಣಿಸಬೇಕು, ಬೆಳಗ್ಗೆ ಮತ್ತೆ ಡಬ್ಬಿ ಹೊರಬೇಕು. ಈಗಿನ ಹುಡುಗರಿಗೆ ಡಬ್ಬಿ ಎಂದರೆ ಊಟದ ಡಬ್ಬಿ ನೆನಪಾದೀತು. ಆಗ ಸಾವಿರ ಅಡಿಯ ಒಂದು ರೀಲು ಪರದೆಯ ಮೇಲೆ ಓಡುವುದು ಕೇವಲ ಹನ್ನೊಂದು ನಿಮಿಷ. ಎರಡೂವರೆ ಗಂಟೆಯ ಚಿತ್ರಕ್ಕೆ ಹದಿನಾಲ್ಕು ರೀಲು ಬೇಕು. ತಗಡಿನ ಪೆಟ್ಟಿಗೆಯೂ ಸೇರಿದರೆ ಹತ್ತಿರ ಹತ್ತಿರ ಅರ್ಧ ಕ್ವಿಂಟಾಲ್ ಭಾರ! ಪರದೆಯ ಮೇಲೆ ಅಣ್ಣಾವ್ರು ಹತ್ತು ಜನರನ್ನು ಎತ್ತಿ ಒಗೆಯುತ್ತಿದ್ದರು. ಆ ಅಣ್ಣಾವ್ರನ್ನು ಎತ್ತಿ ಬಸ್ಸಿನ ಮೇಲೆ ಇಡುತ್ತಿದ್ದವನು ನಾನು!

ಆ ಸಲ ನನ್ನ ಹೆಗಲ ಮೇಲಿದ್ದದ್ದು ‘ಗಂಧದ ಗುಡಿ’. 1973ರಲ್ಲಿ ತೆರೆಕಂಡ, ರಾಜ್‌ಕುಮಾರ್ ಅವರ ನೂರೈವತ್ತನೆಯ ಚಿತ್ರ. ಹತ್ತು ವರ್ಷ ಹಳೆಯ ಪ್ರಿಂಟು, ಅಲ್ಲಲ್ಲಿ ಗೀರು, ಅಲ್ಲಲ್ಲಿ ತುಂಡು. ಆದರೂ ಟೆಂಟಿನಲ್ಲಿ ಹೊಸ ಚಿತ್ರದಷ್ಟೇ ಶಿಳ್ಳೆ.

ಘಾಟ್ ದಾಟಿದ ಮೇಲೆ...

ಬೆಳಗಾವಿಯಿಂದ ಸಂಕೇಶ್ವರದ ಕಡೆಗೆ ಹೋಗುವ ಬಸ್ಸು ಹತ್ತಿ ಕುಳಿತರೆ, ಮೊದಲು ಕಾಕತಿ. ಕಿತ್ತೂರು ಚೆನ್ನಮ್ಮ ಹುಟ್ಟಿದ ಊರು. ಅದು ದಾಟಿದರೆ ವಂಟಮುರಿ ಘಾಟು. ಆಗ ಅದು ನಾಲ್ಕನೇ ನಂಬರಿನ ಹೆದ್ದಾರಿ, ಎದುರಿಗೆ ಲಾರಿ ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಈಗ ನಂಬರು ನಲವತ್ತೆಂಟು, ರಸ್ತೆ ಅಗಲ. ಘಾಟು ದಾಟಿ ಮುಂದೆ ಬಂದರೆ ಹತ್ತರಗಿ, ಅದರ ಆಸುಪಾಸಿನಲ್ಲೇ ನಮ್ಮ ಯಮಕನಮರಡಿ. ಹುಕ್ಕೇರಿ ತಾಲೂಕಿನ ಊರು. ಮರಡಿ ಅಂದರೆ ದಿಬ್ಬ. ಹೆಸರಿನಲ್ಲಿ ‘ಯಮ’ ಕಂಡು ಹೆದರಬೇಡಿ. ಊರಿನವರು ಯಮನ ಬಾಗಿಲಿಗೆ ಹೋದವನನ್ನೂ ಚಹಾ ಕುಡಿಸಿ ವಾಪಸು ಕಳಿಸುವಂಥವರು!

ಸುತ್ತ ಕಬ್ಬು, ಕೆಂಪು ಕರಿ ಎರಡೂ ಬಗೆಯ ಮಣ್ಣು. ಒಂದು ಕಡೆ ಹಿರಣ್ಯಕೇಶಿ, ಇನ್ನೊಂದು ಕಡೆ ಘಟಪ್ರಭೆ. ಹಿಡಕಲ್ಲಿನ ಅಣೆಕಟ್ಟೆಯಲ್ಲಿ ನಿಂತ ಈ ಘಟಪ್ರಭೆಯ ನೀರೇ ಮುಂದೆ ಗೋಕಾಕಿನ ಬಳಿ 52 ಮೀಟರ್ ಕೆಳಗೆ ಧುಮುಕಿ ಫಾಲ್ಸ್ ಆಗುತ್ತದೆ. ಅಲ್ಲಿಗೆ ಹೋದವರು ಕರದಂಟು ತರದೆ ಬಂದರೆ ಮನೆಯಲ್ಲಿ ಬಾಗಿಲು ತೆಗೆಯುವುದಿಲ್ಲ.

ಹತ್ತಿರದ ಒಂದು ಊರಿನಲ್ಲಿ ಟೆಂಟು ಹಾಕಿದ್ದರು. ಅದರ ಆಪರೇಟರ್ ಯಮಕನಮರಡಿಯವನು, ನನ್ನ ಓರಗೆಯವನು. ಬೀಡಿ ಕಚ್ಚಿಕೊಂಡೇ ಕಾರ್ಬನ್ ಕಡ್ಡಿ ಹೊಂದಿಸುತ್ತಿದ್ದ. ಡಬ್ಬಿ ಇಳಿಸುವಾಗ ನಾನು ಒಂದು ಕಡೆ, ಅವನು ಒಂದು ಕಡೆ. ನರಕ ಚತುರ್ದಶಿಯ ಹಿಂದಿನ ಮಧ್ಯಾಹ್ನ ಡಬ್ಬಿ ಎತ್ತುತ್ತಿದ್ದೆ ನೋಡಿ, ಸೊಂಟದೊಳಗೆ ಯಾರೋ ಟಕ್ಕನೆ ಸ್ವಿಚ್ ಒತ್ತಿದ ಹಾಗಾಯಿತು! ಬಗ್ಗಿದವನು ಏಳಲಾರೆ. ಎದ್ದವನು ನಡೆಯಲಾರೆ. ‘ಏನಾತೋ?’ ಎಂದ ಗೆಳೆಯ. ‘ಏನಿಲ್ಲ ಮಾರಾಯ’ ಎಂದು ನಕ್ಕೆ. ಹೀರೋಗೆ ಎಲ್ಲಾದರೂ ನೋವಾಗುತ್ತದೆಯೇ? ನೋವಾಗಿದೆ ಎಂದು ಹೇಳಿದರೆ ಮರುದಿನ ಆ ಡಬ್ಬಿ ಇನ್ನೊಬ್ಬನ ಹೆಗಲಿಗೆ, ಆ ಸಂಬಳ ಇನ್ನೊಬ್ಬನ ಜೇಬಿಗೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಹಬ್ಬದ ದಿನ ಟೆಂಟಿನಲ್ಲಿ ಮಲಗುವುದು ಬೇಡವೆಂದು ಅವನು ನನ್ನನ್ನು ತನ್ನ ಮನೆಗೆ ಕರೆದೊಯ್ದ. ನಾನು ಹೊಸ್ತಿಲು ದಾಟಿದ ಬಗೆ ಕಂಡೇ ಅವನ ತಾಯಿ ಹಿಡಿದುಬಿಟ್ಟಳು.

“ಯಾಕಪಾ ತಮ್ಮಾ, ಮುದುಕರಂಗ ಯಾಕ ನಡ್ಯಾಕತ್ತಿ? ನಡ ಹಿಡದೈತೇನ?”

“ಇಲ್ಲ ಅವ್ವಾ...”

“ಸುಳ್ಳ ಹೇಳಬ್ಯಾಡ. ಕುಂದರು. ಇವತ್ತ ನೀರ ತುಂಬೂ ಹಬ್ಬ. ನಾಳೆ ನಸುಕಿನ್ಯಾಗ ನಿನಗ ನಾನು ಎರೀತೀನಿ.”

ಹಂಡೆಗೂ ಒಂದು ಮೇಕಪ್ಪು!

ನಾನು ಹಳೆ ಮೈಸೂರು ಸೀಮೆಯವ. ಆ ಕಡೆಯ ಅಭ್ಯಂಜನ ಕಂಡವನೇ. ಆದರೆ ಉತ್ತರದ ಜಳಕದ ವೈಭವವೇ ಬೇರೆ. ಸಂಜೆ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದರು. ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದರು. ಕೊರಳಿಗೆ ಹಿಂಡಲಕಾಯಿ ಬಳ್ಳಿಯ ಹಾರ. ಚಿತ್ರದ ನಾಯಕಿಗೂ ಅಷ್ಟು ಮೇಕಪ್ಪು ಮಾಡುವುದಿಲ್ಲ! ಆಮೇಲೆ ಅವ್ವ ಹಿತ್ತಲಿನ ಬೇಲಿಯಿಂದ ಒಂದು ಮಡಿಲು ಸೊಪ್ಪು ತರಿದು ತಂದಳು. ಲಕ್ಕಿ ತಪ್ಪಲು. ನಮ್ಮ ಕಡೆ ಲಕ್ಕಿ ಸೊಪ್ಪು ಎನ್ನುತ್ತೇವೆ, ಮರಾಠಿಯವರು ನಿರ್ಗುಂಡಿ ಎನ್ನುತ್ತಾರೆ. ಹಳ್ಳದ ದಂಡೆ, ಹೊಲದ ಬೇಲಿ, ಎಲ್ಲಿ ನೋಡಿದರಲ್ಲಿ ಬೆಳೆಯುವ ಗಿಡ. ಐದು ಬೆರಳಿನ ಹಾಗೆ ಎಲೆ, ನೀಲಿ ಹೂ. ದನ ಬಾಯಿ ಹಾಕುವುದಿಲ್ಲ, ಕಾಸು ಕೊಡಬೇಕಾಗಿಲ್ಲ. ಬಾಣಂತಿಯ ಮೈನೀರಿಗೂ ಅದೇ, ಕಬ್ಬು ಕಡಿದು ಬಂದವರ ಕೈಕಾಲಿಗೂ ಅದೇ.

ನಸುಕಿನ ನಾಲ್ಕು ಗಂಟೆ. ಹೊರಗೆ ಚಳಿ, ಬಚ್ಚಲಲ್ಲಿ ಒಲೆಯ ಕೆಂಪು ಬೆಳಕು. ಅವ್ವ ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆಯನ್ನು ನೆತ್ತಿಗೆ ಒತ್ತಿ, ಬೆನ್ನಿಗೆ ಇಳಿಸಿದಳು. ಆಮೇಲೆ ಉಟಣೆ. ಅರಿಷಿಣ, ಕಚೋರ, ಗಂಧದ ಪುಡಿ, ಒಣಗಿದ ಗುಲಾಬಿ ಪಕಳೆ, ಲಾವಂಚ, ಕಡಲೆಹಿಟ್ಟು ಎಲ್ಲ ಕಲಸಿದ ಪರಿಮಳದ ಹಿಟ್ಟು. ಕೊನೆಗೆ ಹಂಡೆಯ ನೀರು. ಲಕ್ಕಿ ಕುದಿದು ತಿಳಿಹಸಿರಾಗಿತ್ತು. ಹಬೆಯ ಜೊತೆ ಕಹಿಯೂ ಕಂಪೂ ಬೆರೆತ ವಾಸನೆ ಎದೆಯ ತನಕ ಇಳಿಯಿತು. ಹಿತ್ತಾಳೆಯ ಚೊಂಬಿನಲ್ಲಿ ಸೊಂಟದ ಮೇಲೆ ಧಾರೆಯಾಗಿ ಸುರಿದಳು... ಸುರಿಯುತ್ತಲೇ ಇದ್ದಳು. ಹದಿನೈದು ದಿನದಿಂದ ಹಿಡಿದಿಟ್ಟಿದ್ದ ಮೈ ಒಮ್ಮೆಲೇ ಸಡಿಲಾಯಿತು. ಕಣ್ಣಲ್ಲಿ ನೀರು ಬಂತು. ಸೀಗೆಪುಡಿ ಹೋಯಿತು ಎಂದು ಸುಳ್ಳು ಹೇಳಿದೆ.

ಮನೆ ಬಿಟ್ಟು ಐದು ವರ್ಷವಾಗಿತ್ತು. ಆ ಐದು ವರ್ಷದಲ್ಲಿ ನನ್ನ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ, ಭಾರ ಹೊರಿಸಿದ್ದರು ಅಷ್ಟೇ!

ಗಂಧ, ಗುಲಾಬಿ, ತಾರೆಯರು

ಮಿತ್ರರೇ, ಪರಿಮಳದ ಸ್ನಾನ ವಿಲಾಯಿತಿಯಿಂದ ಬಂದ ಶೋಕಿ ಎಂದು ತಿಳಿದಿದ್ದೀರಾ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಭೋಗಗಳ ಪಟ್ಟಿಯಿದೆ. ಅದರಲ್ಲಿ ಸ್ನಾನವೇ ಒಂದು ಭೋಗ! ಸುಗಂಧದ ಎಣ್ಣೆ ತಿಕ್ಕಿಸಿಕೊಂಡು ಬಿಸಿನೀರು ಮೀಯುವುದು ದೊರೆಗೆ ಹೇಳಿದ ಮರ್ಯಾದೆ.

ಇನ್ನು ಹುಕ್ಕೇರಿ. ಆದಿಲಶಾಹಿ ಕಾಲದ ಗುಮ್ಮಟಗಳು ಈಗಲೂ ನಿಂತಿವೆ. ಊರಿನ ಹೆಸರು ಮೊದಲು ಹೂವಿನಕೇರಿ ಎಂದಿತ್ತು, ಇಲ್ಲಿಯ ಗುಲಾಬಿ ಬಿಜಾಪುರದ ಸುಲ್ತಾನರ ಅರಮನೆಗೆ ಹೋಗುತ್ತಿತ್ತು ಎಂದು ಜನ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಒಂದು ಕಿಲೋ ಗುಲಾಬಿ ಎಣ್ಣೆ ಇಳಿಸಲು ಮೂರು ನಾಲ್ಕು ಟನ್ ಪಕಳೆ ಬೇಕು. ಅಂದಮೇಲೆ ಸುಲ್ತಾನರ ಒಂದು ಜಳಕಕ್ಕೆ ಎಷ್ಟು ತೋಟ ಬರಿದಾಯಿತೋ!

ಗಂಧದ ಕಥೆ ಇನ್ನೂ ಸ್ವಾರಸ್ಯ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತಿತು. ಕೊರಡು ಗುಡ್ಡೆ ಬಿದ್ದವು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ನಮ್ಮಲ್ಲೇ ಎಣ್ಣೆ ತೆಗೆಯಲು ಹೊರಟರು. ಆ ಎಣ್ಣೆಯಿಂದ ಹುಟ್ಟಿದ್ದು ಮೈಸೂರು ಸ್ಯಾಂಡಲ್ ಸೋಪು. ಆನೆಯ ತಲೆ, ಸಿಂಹದ ಮೈ ಇರುವ ಶರಭ ಅದರ ಗುರುತು. 2025ರ ಮೇ ತಿಂಗಳಲ್ಲಿ ಅದೇ ಸೋಪಿಗೆ ತಮನ್ನಾ ಅವರನ್ನು ಎರಡು ವರ್ಷಕ್ಕೆ ರಾಯಭಾರಿ ಮಾಡಿ 6.2 ಕೋಟಿ ರೂಪಾಯಿ ಎಂದಾಗ, ಕನ್ನಡದ ನಟಿಯರು ಇರಲಿಲ್ಲವೇ ಎಂದು ಎದ್ದ ಗದ್ದಲ ನಿಮಗೆ ಗೊತ್ತೇ ಇದೆ.

ಆದರೆ ಇದು ಗೊತ್ತೇ? ಲಕ್ಸ್ ಸೋಪಿನ ಜಾಹೀರಾತಿನಲ್ಲಿ ಬಂದ ಮೊಟ್ಟಮೊದಲ ಭಾರತೀಯ ತಾರೆ ನಮ್ಮ ಧಾರವಾಡದಲ್ಲಿ ಹುಟ್ಟಿದವರು! 1941ರಲ್ಲಿ, ಲೀಲಾ ಚಿಟ್ನಿಸ್. ಮುಂದೆ ‘ಆವಾರಾ’ದಲ್ಲಿ ರಾಜ್ ಕಪೂರ್ ಅವರ ತಾಯಿಯಾದ ಅದೇ ಲೀಲಾ. ಗಂಡಸರಿಗೆ ಆ ಭಾಗ್ಯ ಬರಲು 2005ರ ತನಕ ಕಾಯಬೇಕಾಯಿತು. ಗುಲಾಬಿ ಪಕಳೆ ತುಂಬಿದ ತೊಟ್ಟಿಯಲ್ಲಿ ಶಾರುಖ್ ಖಾನ್ ಕುಳಿತಾಗ ಎಷ್ಟು ಜನ ನಕ್ಕರು! ಗಂಡಸು ಪರಿಮಳದ ನೀರಿನಲ್ಲಿ ಮೈ ಚೆಲ್ಲಿದರೆ ನಗಬೇಕಾದ್ದೇನು ಎಂದು ಯಾರೂ ಕೇಳಲಿಲ್ಲ.

ಅವ್ವನ ಡೈಲಾಗು

ಹಬ್ಬದ ಆ ದಿನ ನಾನು ಎರಡು ಸಲ ಉಂಡು, ಗೊರಕೆ ಹೊಡೆದು ಮಲಗಿದೆ. ಎದ್ದಾಗ ನೋವು ಅರ್ಧಕ್ಕೆ ಇಳಿದಿತ್ತು. “ಅವ್ವಾ, ನಿನ್ನ ನೀರು ಪವಾಡ! ನಾಳೆ ಡಬ್ಬಿ ಎತ್ತುತ್ತೇನೆ” ಎಂದೆ. ಅವ್ವ ನಗಲಿಲ್ಲ.

“ಕಾಲ ಹೆಂಗೈತಿ?”

ಬಲಗಾಲಿನ ಹೆಬ್ಬೆರಳು ಮೊದಲಿನಿಂದಲೂ ಮರಗಟ್ಟಿದ ಹಾಗೇ ಇತ್ತು. ಹೇಳಿದೆ. ಆಗ ಆಕೆ ಹೇಳಿದ ಮಾತು ಯಾವ ಸಂಭಾಷಣೆಕಾರನೂ ಬರೆಯಲಾರ.

“ಈ ನೀರ ದಣದ ಮೈಗೆ, ತಮ್ಮಾ. ನರದ ಬ್ಯಾನಿಗೆ ಅಲ್ಲ. ಮೈ ಸಡ್ಲ ಆತಂದ್ರ ರೋಗ ಹೋತಂತಲ್ಲ. ಕಾಲ ಜೋಮ ಹಿಡದರ ದವಾಖಾನಿಗೆ ಹೋಗಬೇಕ. ನೀನೂ ಹೋಗ, ಇವನ್ನೂ ಕರಕೊಂಡ ಹೋಗ. ಇವಂದೂ ಹಂಗ ಐತಿ, ಹೇಳಂಗಿಲ್ಲ.”

ಗೆಳೆಯನ ಮುಖ ನೋಡಿದೆ. ಅವನು ಬೀಡಿ ಹಚ್ಚಿಕೊಂಡು ಅಂಗಳಕ್ಕೆ ಹೋದ. “ನೀರ ಹಾಕ್ಕೊಂಡ್ರ ಹೋಗ್ತೈತಿ ಬಿಡs” ಎಂದ.

ನಾನು ಬೆಳಗಾವಿಗೆ ಹೋದೆ. ಬೆನ್ನುಮೂಳೆಯ ನಡುವಿನ ಮೆತ್ತೆ ಜಾರಿ ನರವನ್ನು ಒತ್ತುತ್ತಿದೆ ಎಂದರು ಡಾಕ್ಟರು. ಆಗಿನ ಪದ್ಧತಿಯಂತೆ ಮೂರು ವಾರ ಹಲಗೆಯ ಮೇಲೆ ಮಲಗಿಸಿದರು. ಈಗ ಹಾಗೆ ತುಂಬ ದಿನ ಮಲಗಿಸುವುದಿಲ್ಲ, ಆದಷ್ಟು ಬೇಗ ನಡೆದಾಡಿಸುತ್ತಾರೆ. ಭಾರ ಎತ್ತುವುದು ಬಂದ್ ಎಂದರು. ಕೆಲಸ ಹೋಯಿತು. ಸಂಬಳದ ಬಾಕಿಯೂ ಹೋಯಿತು. ಆದರೆ ಕಾಲು ಉಳಿಯಿತು. ಅದೇ ವರ್ಷ ‘ಕಾಮನಬಿಲ್ಲು’ ಚಿತ್ರದಲ್ಲಿ ಐವತ್ತು ದಾಟಿದ ರಾಜ್‌ಕುಮಾರ್ ಯೋಗಾಸನ ಹಾಕಿದ್ದನ್ನು ನೋಡಿ ಬಂದಿದ್ದೆ. ನಾನು ಇಪ್ಪತ್ತಮೂರರಲ್ಲಿ ಚಪ್ಪಲಿ ಹಾಕಿಕೊಳ್ಳಲು ಗೋಡೆ ಹಿಡಿಯುತ್ತಿದ್ದೆ! ಅಂದಿನಿಂದ ನಾನೂ ಬೆಳಗ್ಗೆ ಒಂದಿಷ್ಟು ಮೈ ಬಗ್ಗಿಸುವುದನ್ನು ಕಲಿತೆ.

ಮತ್ತೆ ಯಮಕನಮರಡಿಗೆ

ಕಳೆದ ಚಳಿಗಾಲದಲ್ಲಿ ಬೆಳಗಾವಿಗೆ ಹೋದವನು ಕಾಲು ತಡೆಯದೆ ಬಸ್ಸು ಹತ್ತಿದೆ. ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಟೇಪಿನಲ್ಲಿ ಅಬ್ಬರದ ಹಾಡು. ಹುಡುಗರು ಮೊಬೈಲಿನಲ್ಲೇ ಸಿನಿಮಾ ನೋಡುತ್ತಿದ್ದಾರೆ. ಡಬ್ಬಿಯೂ ಇಲ್ಲ, ರೀಲೂ ಇಲ್ಲ, ಹೊರುವವನೂ ಇಲ್ಲ. ಒಳ್ಳೆಯದೇ ಆಯಿತು!

ಮನೆ ಹುಡುಕಲು ಕಷ್ಟವಾಗಲಿಲ್ಲ. ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಗೆಳೆಯ ಕಟ್ಟೆಯ ಮೇಲೆ ಕುಳಿತಿದ್ದ. ಗುರುತು ಹಿಡಿದು ಎದ್ದು ಬಂದ. ಎದ್ದ ರೀತಿ ಕಂಡು ನನ್ನ ಗಂಟಲು ಕಟ್ಟಿತು. ಒಂದು ಕೈಯಲ್ಲಿ ಕೋಲು. ಬಲಗಾಲಿನ ಪಾದ ಎತ್ತಲಾಗದೆ ನೆಲಕ್ಕೆ ಸವರುತ್ತಿತ್ತು. ಟೆಂಟು ಮುಚ್ಚಿದ ಮೇಲೆ ಕಬ್ಬಿನ ಲೋಡಿಂಗಿಗೆ ಹೋದನಂತೆ. ವರ್ಷಗಟ್ಟಲೆ ನೋವಿನ ಮೇಲೆ ಬಿಸಿನೀರು ಹಾಕಿಕೊಂಡ, ಮುಲಾಮು ತಿಕ್ಕಿಕೊಂಡ. ಕಾಲು ಬಿದ್ದ ಮೇಲೆ ಡಾಕ್ಟರ ಬಳಿ ಹೋದ. “ತಡಾ ಆತು ಅಂದ್ರೋ” ಎಂದ. “ಅವ್ವ ಇಬ್ರಿಗೂ ಹೇಳಿದ್ಳು. ನೀ ಕೇಳಿದಿ, ನಾ ಹೀರೋ ಆದೆ.”

ನಾನೇನು ಹೇಳಲಿ? ಎದುರಿನ ಗೋಡೆ ನೋಡಿದೆ.

ಆದ್ದರಿಂದ ಹುಡುಗರೇ, ನಾಲ್ಕು ಮಾತು ಕೇಳಿ. ನೀವೂ ದಿನವಿಡೀ ಬೈಕಿನ ಮೇಲೆ, ಗಾಡಿಯ ಸ್ಟೇರಿಂಗಿನ ಮುಂದೆ, ಗೋದಾಮಿನ ಮೂಟೆಯ ಕೆಳಗೆ ಇರುವವರು. ಬಿಸಿನೀರು ಸುಳ್ಳಲ್ಲ. ಬಿಸಿಗೆ ರಕ್ತನಾಳ ಹಿಗ್ಗುತ್ತದೆ, ಬಿಗಿದ ಸ್ನಾಯು ಸಡಿಲಾಗುತ್ತದೆ. ಪರಿಮಳವೂ ಸುಳ್ಳಲ್ಲ. ಮೂಗಿನ ನರ ಮಿದುಳಿನಲ್ಲಿ ನೆನಪು, ಭಾವನೆ ಇರುವ ಕೋಣೆಗಳಿಗೇ ಹತ್ತಿರದ ದಾರಿ ಹಿಡಿಯುತ್ತದೆ. ಅದಕ್ಕೇ ಲಕ್ಕಿಯ ವಾಸನೆಗೆ ನನಗೆ ಇಂದಿಗೂ ಆ ಬಚ್ಚಲು ಕಾಣುವುದು. ಮಲಗುವ ಒಂದೆರಡು ಗಂಟೆ ಮೊದಲು ಹತ್ತು ನಿಮಿಷದ ಬಿಸಿನೀರಿನ ಸ್ನಾನ ಮಾಡಿದರೆ ನಿದ್ದೆ ಬೇಗ ಹತ್ತುತ್ತದೆ ಎಂದು ಸಂಶೋಧಕರೂ ಒಪ್ಪಿದ್ದಾರೆ. ಈಗ ಅಂಗಡಿಯಲ್ಲಿ ಲ್ಯಾವೆಂಡರ್ ಬೆರೆಸಿದ ಸ್ನಾನದ ಉಪ್ಪು, ಎಪ್ಸಮ್ ಉಪ್ಪು ಸಿಗುತ್ತದೆ. ಬೇಕಾದರೆ ಕೊಳ್ಳಿ. ಆದರೆ ಆ ಉಪ್ಪು ಚರ್ಮದೊಳಗೆ ಇಳಿದು ನೋವು ಹೀರುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಸುಖ ಕೊಡುವುದು ಬಹುಪಾಲು ಬಿಸಿನೀರು, ಆ ಹತ್ತು ನಿಮಿಷದ ಪುರುಸೊತ್ತು. ಮೊದಲ ಸಲ ಹಚ್ಚುವ ಪರಿಮಳದ ಎಣ್ಣೆಯನ್ನು ಮೊಳಕೈಗೆ ಸ್ವಲ್ಪ ಹಚ್ಚಿ ನೋಡಿ. ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಎಣ್ಣೆ ಬಿದ್ದ ಬಚ್ಚಲು ಜಾರುತ್ತದೆ, ಹುಷಾರು. ಕುಡಿದು ಬಂದು ಸುಡುನೀರು ಹೊಯ್ದುಕೊಳ್ಳಬೇಡಿ.

ಮುಖ್ಯವಾದದ್ದು ಇದು. ಕಾಲು ಜೋಮು ಹಿಡಿದರೆ, ಪಾದದ ಬಲ ಕಡಿಮೆಯಾದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಅವತ್ತೇ ಆಸ್ಪತ್ರೆ ಸೇರಿ. ಕ್ಲೈಮ್ಯಾಕ್ಸ್ ತನಕ ಕಾಯಬೇಡಿ.

ಆ ರಾತ್ರಿ ಗೆಳೆಯನ ಮನೆಯಲ್ಲೇ ಉಳಿದೆ. ಮಗ ಬಚ್ಚಲಿಗೆ ಸೋಲಾರ್ ನಲ್ಲಿ ಹಾಕಿಸಿದ್ದಾನೆ, ಸೋಪಿನ ಗೂಡಿನಲ್ಲಿ ಬಣ್ಣಬಣ್ಣದ ಬಾಟಲಿಗಳಿವೆ. ತಾಮ್ರದ ಹಂಡೆ ಹಿತ್ತಲ ಮೂಲೆಯಲ್ಲಿತ್ತು. ಲಕ್ಕಿ ಗಿಡ ಮಾತ್ರ ಬೇಲಿಯ ಉದ್ದಕ್ಕೂ ಹಾಗೇ ಹಬ್ಬಿತ್ತು. ನಸುಕಿನಲ್ಲಿ ಎದ್ದು ನಾನೇ ಒಂದು ಮಡಿಲು ತಪ್ಪಲು ತರಿದೆ. ಹಂಡೆಯನ್ನು ಮೂರು ಕಲ್ಲಿನ ಮೇಲೆ ಇಟ್ಟು ಉರಿ ಹಚ್ಚಿದೆ. ಮೊಳಕೈ ಅದ್ದಿ ನೀರಿನ ಬಿಸಿ ನೋಡಿದೆ. ಜೋಮು ಹಿಡಿದ ಕಾಲಿಗೆ ಸುಟ್ಟರೂ ತಿಳಿಯುವುದಿಲ್ಲ ನೋಡಿ.

“ಏ, ನೀ ಯಾಕ? ಬ್ಯಾಡ ಬಿಡೋ” ಎಂದು ನಾಚಿಕೊಂಡ, ಅರವತ್ತೈದು ದಾಟಿದ ಗೆಳೆಯ.

“ಕುಂದರು” ಎಂದೆ, ಅವ್ವನ ದನಿಯಲ್ಲೇ.

ಅದೇ ಹಿತ್ತಾಳೆ ಚೊಂಬು. ಬೆನ್ನಿಗೆ ಎಣ್ಣೆ ತಿಕ್ಕಿ, ಸೊಂಟದ ಮೇಲೆ ಧಾರೆಯಾಗಿ ಸುರಿದೆ. ಬಿದ್ದ ಪಾದ ಏಳುವುದಿಲ್ಲ, ಅದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೆ ಹಬೆಯೊಳಗೆ ಅವನ ಹೆಗಲು ನಿಧಾನಕ್ಕೆ ಇಳಿಯಿತು.

“ಹೆಂಗೈತಿ?” ಎಂದೆ.

“ಸೀಗಿಪುಡಿ ಕಣ್ಣಾಗ ಹೋತು” ಎಂದ.

ಸೀಗೆಪುಡಿಯನ್ನು ನಾನು ಇನ್ನೂ ಹಚ್ಚಿಯೇ ಇರಲಿಲ್ಲ!